ಖಾಲಿ ಬಿಟ್ಟ ಕಾಲಂ

ಆ ದಿನ ಎದ್ದಾಗ ಐದೂವರೆ. ಹಂಡೆಯ ಒಲೆಗೆ ಎರಡು ಒಣ ಬೊಡ್ಡೆ ತುರುಕಿ, ಹಾಲು ಕಾಯಲಿಟ್ಟು, ಅಕ್ಕಿ ಹಿಟ್ಟಿಗೆ ಬಿಸಿನೀರು ಹಾಕಿ ನಾದಿದೆ. ಗೇಟಿನಲ್ಲಿ ಹೋಂಸ್ಟೇ ಎಂದು ಬೋರ್ಡಿದ್ದರೂ ನಮ್ಮಲ್ಲಿ ಬಾಡಿಗೆಗೆ ಇರುವುದು ಮೂರೇ ಕೋಣೆ. ಅಡುಗೆಯವಳೂ ನಾನೇ, ಹಾಸಿಗೆ ಕೊಡವುವವಳೂ ನಾನೇ. ಮೂಡಿಗೆರೆಯಿಂದ ಕೊಟ್ಟಿಗೆಹಾರಕ್ಕೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗಿರುವ ಸಣ್ಣ ತೋಟ ನಮ್ಮದು. ಕೊಯ್ಲಿನ ಕಾಲದಲ್ಲಿ ಅತಿಥಿಗಳನ್ನು ಕಡಿಮೆ ಮಾಡುತ್ತೇವೆ. ಆ ವಾರ ಒಬ್ಬಳೇ ಇದ್ದಳು.

ಅವಳ ಕೋಣೆಯ ಮುಂದೆ ಬೂಟುಗಳು ಜೋಡಿಯಾಗಿ, ಮೂತಿ ಹೊರಗೆ ಮಾಡಿಕೊಂಡು ಇರುತ್ತಿದ್ದವು. ಆವತ್ತು ಇರಲಿಲ್ಲ. ಆರು ಗಂಟೆಗೇ ಎದ್ದು, ಕಾಫಿಯನ್ನೂ ಕೇಳದೆ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಗೆ ಇಳಿದುಹೋಗಿದ್ದಳು.

ಅವಳು ನಾಗಾಲ್ಯಾಂಡಿನವಳು. ಇಪ್ಪತ್ತೇಳು ವರ್ಷ ಇರಬಹುದು. ಅವರ ಬೆಟ್ಟದ ಊರಿನಲ್ಲಿ ಕೆಲವು ವರ್ಷಗಳ ಹಿಂದೆ ಎಲ್ಲರೂ ಕಾಫಿ ಹಾಕಿದ್ದಾರೆ. ಗಿಡ ಚೆನ್ನಾಗಿ ಬಂದಿದೆ, ಹಣ್ಣೂ ಬಿಟ್ಟಿದೆ. ಊರವರೆಲ್ಲ ಸೇರಿ ಒಂದು ಪಲ್ಪರ್ ಮೆಷಿನ್ ತರಿಸಿದರು. ಆದರೆ ಹಣ್ಣಿನ ಸಿಪ್ಪೆ ತೆಗೆದ ಮೇಲೆ ಏನು ಮಾಡಬೇಕೆಂದು ಅಲ್ಲಿ ಒಬ್ಬರಿಗೂ ಸರಿಯಾಗಿ ಗೊತ್ತಿಲ್ಲ. ಹೋದ ವರ್ಷದ ಬೀಜವೆಲ್ಲ ಹುಳಿ ವಾಸನೆ ಹೊಡೆದು, ತೆಗೆದುಕೊಳ್ಳಲು ಬಂದವರು ಮೂಸಿ ನೋಡಿ ವಾಪಸು ಹೋದರಂತೆ. ಈ ವರ್ಷವೂ ಹಾಗೇ ಆದರೆ ಗಿಡ ಕಿತ್ತು ಮತ್ತೆ ಶುಂಠಿ ಹಾಕುವುದೆಂದು ಊರಿನ ಹಿರಿಯರು ಹೇಳಿಬಿಟ್ಟಿದ್ದರು. ಕಲಿತು ಬರುತ್ತೇನೆಂದು ಒಪ್ಪಿಕೊಂಡು ಬಂದವಳು ಇವಳು. ನಮ್ಮ ಪರಿಚಯದ ಬೆಳೆಗಾರರೊಬ್ಬರು ಫೋನು ಮಾಡಿ, ಮೂರು ವಾರ ಇಟ್ಟುಕೊಳ್ಳಿ, ಎಲ್ಲ ತೋರಿಸಿ ಎಂದಿದ್ದರು.

ಅವಳು ಎರಡು ದಿನದ ಹಿಂದೆ ಸಂಜೆ ಬಂದಿಳಿದ ಹೊತ್ತಿಗೆ ಸರಿಯಾಗಿ ಅರೇಬಿಕಾ ಹಣ್ಣು ಪಲ್ಪರಿಗೆ ಬೀಳುತ್ತಿತ್ತು. ಬ್ಯಾಗನ್ನು ಜಗುಲಿಯಲ್ಲೇ ಬಿಟ್ಟು ಓಡಿದಳು. ಸಿಪ್ಪೆ ತೆಗೆದ ಬೀಜದ ಮೇಲೆ ಲೋಳೆ ಉಳಿಯುತ್ತದೆ. ತೊಟ್ಟಿಯಲ್ಲಿ ಒಂದು ದಿನ, ಚಳಿ ಜಾಸ್ತಿಯಿದ್ದರೆ ಒಂದೂವರೆ ದಿನ ಬಿಟ್ಟರೆ ಅದು ಕರಗುತ್ತದೆ. ಕರಗಿದ ಹೊತ್ತಿಗೇ ತೊಳೆಯಬೇಕು. ಮುಂಚೆ ತೊಳೆದರೆ ಜಿಗುಟು, ತಡವಾದರೆ ಹುಳಿ. ನಮ್ಮ ಮೇಸ್ತ್ರಿ ಅದಕ್ಕೆ ಗಡಿಯಾರ ನೋಡುವುದಿಲ್ಲ. ತೊಟ್ಟಿಯೊಳಗಿಂದ ಒಂದು ಹಿಡಿ ಬೀಜ ತೆಗೆದು ಕಿವಿಯ ಹತ್ತಿರ ಹಿಡಿದು ಉಜ್ಜುತ್ತಾನೆ. ಹೊಳೆಯ ಕಲ್ಲು ಉಜ್ಜಿದಂತೆ ಗರಗರ ಎಂದರೆ ನೀರು ಬಿಡಬೇಕು. ಹಿಂದಿನ ದಿನವೆಲ್ಲ ಇವಳು ಗಂಟೆಗೊಂದು ಸಲ ಹೋಗಿ ಒಂದು ಹಿಡಿ ಉಜ್ಜಿ ಬರುತ್ತಿದ್ದಳು. ಊಟದ ತಟ್ಟೆಯ ಮುಂದೆ ಕೂತರೂ ಅವಳ ಕೈಯಲ್ಲಿ ಆ ವಾಸನೆಯೇ.

"ನಾಳೆ ಬೆಳಿಗ್ಗೆ ಅನ್ಸುತ್ತೆ ಅಮ್ಮಾವ್ರೇ," ಎಂದಿದ್ದ ಮೇಸ್ತ್ರಿ. "ಆ ಹುಡುಗಿ ಕೈಲೇ ಹೇಳ್ಸೋಣ, ಯಾವಾಗ ಅಂತ."

ಅದಕ್ಕೇ ಅವಳು ಕಾಫಿ ಕುಡಿಯದೆ ಹೋದದ್ದು.

ಏಳು ಗಂಟೆಗೆ ಮನೆಯವರು ಅಡುಗೆಮನೆಗೆ ಬಂದರು. ವಾರಕ್ಕೊಂದು ಸಲ ಅತಿಥಿಗಳ ರಿಜಿಸ್ಟರ್ ನೋಡುವುದು ಅವರ ಅಭ್ಯಾಸ.

"ಇಲ್ಲಿ ನ್ಯಾಷನಾಲಿಟಿ ಕಾಲಂ ಯಾಕೆ ಖಾಲಿ ಬಿಟ್ಟಿದೀಯ?"

"ಆಮೇಲೆ ಕೇಳಿ ಬರೆಯೋಣ ಅಂತ."

"ಕೇಳ್ಲಿಲ್ವಾ?"

"ಕೇಳೋಕೆ ಒಂಥರಾ ಆಯ್ತು ಕಣ್ರೀ."

"ನಾಗಾಲ್ಯಾಂಡು ನಮ್ದೇ ತಾನೇ?"

"ನಮ್ದೇ."

"ಮತ್ತೆ?"

ನಾನು ರೊಟ್ಟಿ ಮಗುಚಿ ಹಾಕಿದೆ.

ಅವರು ರಿಜಿಸ್ಟರನ್ನು ಕಿಟಕಿಯ ಬೆಳಕಿಗೆ ಹಿಡಿದರು. "ಗಡಿ ಆಚೆನೂ ಅವ್ರ ಜನ ಇದಾರಂತೆ. ಹೊರದೇಶದೋಳಾಗಿದ್ರೆ ಇಪ್ಪತ್ನಾಲ್ಕು ಗಂಟೆ ಒಳಗೆ ಸಿ ಫಾರ್ಮ್ ಹೋಗ್ಬೇಕಿತ್ತು. ಆಗ್ಲೇ ಎರಡು ರಾತ್ರಿ ಆಯ್ತು. ಸುಮ್ನೆ ಒಂದ್ ಮಾತು ಠಾಣೆಗೆ ಕೇಳ್ಬಿಡ್ತೀನಿ."

ಸಿ ಫಾರ್ಮ್ ಅಂದರೆ ಹೋಂಸ್ಟೇ ನಡೆಸುವ ಎಲ್ಲರಿಗೂ ಒಂದು ನಡುಕ. ಹೊರದೇಶದವರು ಬಂದು ತಂಗಿದರೆ ತುಂಬಿ ಕಳಿಸಬೇಕಾದ ಕಾಗದ ಅದು. ಮರೆತವರೊಬ್ಬರು ಠಾಣೆಗೆ ಅಲೆದ ಕಥೆ ನಮ್ಮ ಹೋಂಸ್ಟೇ ಗ್ರೂಪಿನಲ್ಲಿ ವಾರಗಟ್ಟಲೆ ಓಡಿತ್ತು. ಅವಳು ಆಧಾರ್ ಜೆರಾಕ್ಸ್ ಕೊಟ್ಟಿದ್ದಾಳೆ, ಡ್ರಾಯರಿನಲ್ಲಿದೆ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಎರಡನೇ ಸಲ ಕಾಯಲಿಟ್ಟಿದ್ದ ಹಾಲು ಉಕ್ಕಿತು. ಒಲೆ ಆರಿಸಿ, ಬಟ್ಟೆ ಹುಡುಕಿ, ಒರೆಸಿ ತಲೆಯೆತ್ತುವಾಗ ಅವರು ಜಗುಲಿಯಲ್ಲಿ ನಿಂತು, "ನಮಸ್ಕಾರ ಸಾರ್, ಒಂದ್ ಸಣ್ಣ ಡೌಟು," ಎನ್ನುತ್ತಿದ್ದರು.

ಎಂಟೂಮುಕ್ಕಾಲಿಗೆ ಪಲ್ಪರ್ ಮನೆಯ ಕಡೆ ಬೈಕಿನ ಸದ್ದು ಕೇಳಿತು.

ನಾನು ಇಳಿದು ಹೋಗುವಷ್ಟರಲ್ಲಿ ಕಾನ್‌ಸ್ಟೇಬಲ್ಲು ಹೆಲ್ಮೆಟ್ಟನ್ನು ತೊಟ್ಟಿಯ ಕಟ್ಟೆಯ ಮೇಲೆ ಇಟ್ಟು ನಿಂತಿದ್ದರು. ಹುಡುಗಿಯ ಮೊಣಕೈವರೆಗೆ ಲೋಳೆ. ಪ್ಯಾಂಟು ಮಡಿಸಿ ನಮ್ಮವರ ಹಳೆಯ ಗಮ್‌ಬೂಟು ಹಾಕಿಕೊಂಡಿದ್ದಳು. ಕಣದಲ್ಲಿ ಒಣಹಾಕಿದ ಬೀಜಕ್ಕೆ ಕೈಯಾಡಿಸುತ್ತಿದ್ದ ಅಸ್ಸಾಮಿನ ಹೆಂಗಸರು ಕೈ ನಿಲ್ಲಿಸಿ ನೋಡುತ್ತಿದ್ದರು.

"ಪಾಸ್‌ಪೋರ್ಟ್?" ಎಂದರು ಕಾನ್‌ಸ್ಟೇಬಲ್ಲು.

"ಐ ಆಮ್ ಇಂಡಿಯನ್, ಸರ್."

"ಅದ್ ಸರಿ. ಪಾಸ್‌ಪೋರ್ಟ್ ಎಲ್ಲಿ?"

ಅವಳು ಮೇಸ್ತ್ರಿಯ ಮುಖ ನೋಡಿದಳು, ತೊಟ್ಟಿ ನೋಡಿದಳು. ಮೂರು ದಿನದಲ್ಲಿ ಅವಳು ಕಲಿತಿದ್ದ ಕನ್ನಡವೇ ಹತ್ತು ಮಾತು. ಅದರಲ್ಲಿ ಒಂದನ್ನು ಆಗ ಹೇಳಿದಳು: "ನೀರು ಬಿಡಿ."

"ಓಹೋ, ಕನ್ನಡ ಬೇರೆ ಬರುತ್ತೆ!" ಕಾನ್‌ಸ್ಟೇಬಲ್ಲು ನಕ್ಕರು. ಕೆಟ್ಟ ನಗೆಯೇನಲ್ಲ. ಮನೆಗೆ ಬಂದ ಮಗುವನ್ನು ಮಾತಾಡಿಸುವ ನಗೆ.

"ಟೈಮಾಗೈತೆ ಸಾರ್," ಎಂದ ಮೇಸ್ತ್ರಿ. "ಹುಡುಗಿ ಸರಿಯಾಗಿ ಹೇಳ್ತು. ಈಗ ತೊಳೀಲೇಬೇಕು."

"ನೀನ್ ತೊಳಿ ಮಾರಾಯ, ಯಾರ್ ಬೇಡ ಅಂದ್ರು? ಇವ್ರು ಒಂದ್ನಿಮಿಷ ಮನೆ ಹತ್ರ ಬರ್ಲಿ."

ಜಗುಲಿಯಲ್ಲಿ ನಾನೇ ರಿಜಿಸ್ಟರ್ ತಂದು ತೋರಿಸಿದೆ. ಅವರು ಬೆರಳಿಟ್ಟು ಸಾಲಿನ ಉದ್ದಕ್ಕೂ ಬಂದು, ಒಂದು ಕಡೆ ನಿಲ್ಲಿಸಿದರು.

"ಇಲ್ಲೇನಮ್ಮ ಖಾಲಿ? ನೀವೇ ಬಿಟ್ಟಿದೀರಲ್ಲ. ನಿಮಗೇ ಡೌಟಿದ್ರೆ ನಮಗಿರಲ್ವಾ?"

ಅದರ ಮೇಲಿನ ಸಾಲುಗಳೆಲ್ಲ ನನ್ನದೇ ಅಕ್ಷರ. ಕಾನ್ವೆಂಟಿನಲ್ಲಿ ಸಿಸ್ಟರ್ ತಿದ್ದಿಸಿದ, ಬಲಕ್ಕೆ ವಾಲುವ ಅಕ್ಷರ. ಇಂಡಿಯನ್, ಇಂಡಿಯನ್, ಇಂಡಿಯನ್. ಹಾಸನದಿಂದ ಬಂದ ಗಂಡ ಹೆಂಡತಿಯನ್ನು ಕೇಳಿ ಬರೆದದ್ದಲ್ಲ. ಪುಣೆಯ ನಾಲ್ಕು ಜನ ಸ್ನೇಹಿತರನ್ನೂ ಕೇಳಿರಲಿಲ್ಲ. ಅವರು ಇನ್ನೂ ಕಾರಿನಿಂದ ಸಾಮಾನು ಇಳಿಸುತ್ತಿದ್ದಾಗಲೇ ನಾನು ಆ ಕಾಲಂ ತುಂಬಿಯಾಗಿತ್ತು. ಇವಳದ್ದು ಮಾತ್ರ, ಆಧಾರ್ ಕಾರ್ಡು ಎಡಗೈಯಲ್ಲಿ ಹಿಡಿದುಕೊಂಡೇ, ಪೆನ್ನು ನಿಂತಿತ್ತು. ಯಾಕೆ ನಿಂತಿತೆಂದು ಆ ಸಂಜೆ ಯೋಚಿಸಲೂ ಇಲ್ಲ. ಕೇಳುವುದು ಸೌಜನ್ಯವಲ್ಲ, ಬೇಜಾರಾಗಬಹುದು ಎಂದು ನನಗೆ ನಾನೇ ಹೇಳಿಕೊಂಡು ಮುಂದಿನ ಕಾಲಮ್ಮಿಗೆ ಹೋಗಿದ್ದೆ. ಆ ಸೌಜನ್ಯದ ಮೇಲೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ಡ್ರಾಯರಿನಿಂದ ಜೆರಾಕ್ಸ್ ಕೊಟ್ಟೆ. ಅವರು ಮೊಬೈಲಿನಲ್ಲಿ ಫೋಟೊ ತೆಗೆದು ಯಾರಿಗೋ ಕಳಿಸಿದರು. ಉತ್ತರ ಬರಲು ಒಂದೂಕಾಲು ಗಂಟೆ. ಅಷ್ಟು ಹೊತ್ತೂ ಅವಳು ಪ್ಲಾಸ್ಟಿಕ್ ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಲೋಳೆ ಮೊಣಕೈಯಲ್ಲಿ ಒಣಗಿ ಬಿಳಿಯ ಪೊರೆಯಾಗಿತ್ತು. ಕೈ ತೊಳೆದುಕೋ ಎಂದೆ. ಬೇಡ, ಮತ್ತೆ ಹೋಗುತ್ತೇನಲ್ಲ ಎಂದಳು. ಕೆಳಗೆ ತೊಟ್ಟಿಗೆ ನೀರು ಬಿಟ್ಟ ಸದ್ದು ಕೇಳಿತು. ಅವಳ ಕುತ್ತಿಗೆ ಆ ಕಡೆ ತಿರುಗಿತು. ಆಮೇಲೆ ಕಾಲಿನಲ್ಲಿ ಬೀಜ ತುಳಿಯುವ ಸದ್ದು, ಮೇಸ್ತ್ರಿ ಕೂಗಿದ್ದು, ನೀರು ಹೊರಗೆ ಹರಿದದ್ದು. ಎಲ್ಲವನ್ನೂ ಅವಳು ಕೂತಲ್ಲಿಂದಲೇ ಕೇಳಿಸಿಕೊಂಡಳು.

ಕಾನ್‌ಸ್ಟೇಬಲ್ಲಿಗೆ ನಾನು ಅಕ್ಕಿ ರೊಟ್ಟಿ ಕೊಟ್ಟೆ, ಎಣ್ಣೆಗಾಯಿ ಬಡಿಸಿದೆ. ಅವಳಿಗೂ ಕೊಟ್ಟೆ. ಅವಳು ತಿನ್ನಲಿಲ್ಲ. "ಎಲ್ಲ ಸರಿಯಿದೆ ಮೇಡಂ, ಅವ್ರು ನಮ್ಮೋರೇ," ಎಂದು ಹೇಳಿ, ನೀರು ಕುಡಿದು, ಅವಳಿಗೂ ಒಂದು ಸೆಲ್ಯೂಟು ಹೊಡೆದು ಕಾನ್‌ಸ್ಟೇಬಲ್ಲು ಹೋದರು. ಒಬ್ಬರೂ ಗದರಲಿಲ್ಲ, ಒಬ್ಬರೂ ಒಂದು ಕೆಟ್ಟ ಮಾತು ಆಡಲಿಲ್ಲ.

ಅವಳು ಪಲ್ಪರ್ ಮನೆಗೆ ಹೋಗಿ ನೋಡಿ ಬಂದಳು. ತೊಟ್ಟಿ ಖಾಲಿಯಾಗಿತ್ತು. ತೊಳೆದ ಬೀಜ ಕಣಕ್ಕೆ ಹೋಗಿತ್ತು. ಕೈ ತೊಳೆದುಕೊಂಡು ಬಂದವಳು ಬ್ಯಾಗು ತುಂಬತೊಡಗಿದಳು.

ಬಾಗಿಲಲ್ಲಿ ನಿಂತು ಇಂಗ್ಲಿಷಿನಲ್ಲಿ ಕ್ಷಮೆ ಕೇಳಿದೆ. ನಾಡಿದ್ದು ಇನ್ನೊಂದು ತೊಟ್ಟಿ ಆಗುತ್ತದೆ, ಇರು ಎಂದೆ. ಅವಳು ಸ್ವೆಟರ್ ಮಡಿಸುತ್ತಲೇ ಇದ್ದಳು.

"ಆಂಟಿ, ಆ ಹೆಂಗಸರೆಲ್ಲ ನೋಡಿದ್ದಾರೆ. ಇನ್ನು ನಾನು ತೊಟ್ಟಿಗೆ ಕೈ ಹಾಕಿದರೆ ಅವರು ಬೀಜ ನೋಡುವುದಿಲ್ಲ, ನನ್ನನ್ನು ನೋಡುತ್ತಾರೆ."

"ಹಾಗಾದರೆ ಕಂಪ್ಲೇಂಟ್ ಕೊಡು. ನನ್ನ ಮೇಲೇ ಕೊಡು."

ಅವಳು ಮೊದಲ ಸಲ ನಕ್ಕಳು. ಓದುವಾಗ ಒಂದು ದೊಡ್ಡ ಊರಿನಲ್ಲಿ ಒಂದು ಸಲ ಕೊಟ್ಟಿದ್ದಳಂತೆ. ಬಾಡಿಗೆಗೆ ಮನೆ ತೋರಿಸಿದ ಮುದುಕರೊಬ್ಬರು ಇವಳ ಮುಖ ನೋಡಿದ ಮೇಲೆ ಬೀಗದ ಕೈ ಸಿಗುತ್ತಿಲ್ಲ ಎಂದರಂತೆ. ಅವರು ಏನು ಮಾತು ಅಂದರು, ಅದನ್ನು ಹಾಗೇ ಬರೆ ಎಂದು ಕಂಪ್ಲೇಂಟ್ ತೆಗೆದುಕೊಳ್ಳುವವರು ಹೇಳಿದರಂತೆ. "ಬೀಗದ ಕೈ ಸಿಗುತ್ತಿಲ್ಲ ಅಂದರು ಎಂದು ಬರೆದೆ, ಆಂಟಿ. ಇದರಲ್ಲಿ ತಪ್ಪೇನಿದೆ ಎಂದು ಅವರು ಕೇಳಿದರು."

ನಾನು ಅಡುಗೆಮನೆಗೆ ಹೋಗಿ ಮಗಳಿಗೆ ಫೋನು ಮಾಡಿದೆ. ಅವಳು ಮಂಗಳೂರಿನಲ್ಲಿ ಕಾನೂನು ಓದುತ್ತಾಳೆ.

"ಅಮ್ಮಾ, ನಂಗೆ ನಾಳೆ ಇಂಟರ್ನಲ್ಸ್ ಇದೆ."

"ಐದು ನಿಮಿಷ. ನಾವು ಮಾಡಿದ್ದು ಜನಾಂಗಭೇದ ಹೌದೋ ಅಲ್ವೋ, ಅಷ್ಟು ಹೇಳು."

ನಡೆದದ್ದೆಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಯಾವ ದೇಶದಲ್ಲಿ?" ಎಂದಳು.

ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡೆ. ಅಲ್ಲ. ಹಾಲಿನ ಚೀಟಿಯ ಹಿಂದೆ ಬರೆದುಕೊಳ್ಳುತ್ತಾ ಹೋದೆ. ಇಂಗ್ಲೆಂಡಿನಲ್ಲಿ ಜನಾಂಗ ಅಂದರೆ ಮೈಬಣ್ಣ, ರಾಷ್ಟ್ರೀಯತೆ, ಮೂಲ ಎಲ್ಲವೂ ಬರುತ್ತದಂತೆ. ಮನಸ್ಸು ಒಳ್ಳೆಯದಿತ್ತು ಎಂದರೆ ಅಲ್ಲಿ ಪಾರಾಗುವ ಹಾಗಿಲ್ಲ. ಫ್ರಾನ್ಸಿನಲ್ಲಿ, ಒಬ್ಬರು ಇಂಥ ಜನ, ಇಂಥ ದೇಶದವರು ಎಂದು ನಾವು ಬರೀ ಊಹಿಸಿಕೊಂಡು, ಆ ಊಹೆ ತಪ್ಪಾಗಿದ್ದರೂ ಲೆಕ್ಕಕ್ಕೆ ಬರುತ್ತದೆ.

"ಅದೇ! ನಾವು ಮಾಡಿದ್ದು ಊಹೆನೇ," ಎಂದೆ. ಸಿಕ್ಕಿಬಿದ್ದೆ ಎಂದು ಯಾರಾದರೂ ಅಷ್ಟು ಸಂತೋಷಪಡುತ್ತಾರೋ ಇಲ್ಲವೋ.

"ಆದ್ರೆ ನೀವು ರೂಮ್ ಇಲ್ಲ ಅಂದಿಲ್ವಲ್ಲಮ್ಮ. ರೂಮ್ ಕೊಟ್ರಿ, ಊಟ ಕೊಟ್ರಿ. ಅಲ್ಲಿ ಏನಾದ್ರೂ ನಿರಾಕರಿಸಿರ್ಬೇಕು."

ದಕ್ಷಿಣ ಆಫ್ರಿಕದಲ್ಲಿ ಈ ಹುಡುಗಿ ಮೇಲ್ನೋಟಕ್ಕೆ ಭೇದ ಕಾಣುವಷ್ಟು ತೋರಿಸಿದರೆ ಸಾಕು, ಭೇದ ಮಾಡಿಲ್ಲ ಎಂದು ಸಾಬೀತು ಮಾಡುವ ಹೊರೆ ನಮ್ಮ ಮೇಲೆ. ದೇಶದೇಶಗಳು ಸೇರಿ ಮಾಡಿಕೊಂಡ ಒಂದು ಒಪ್ಪಂದವಿದೆ, ನಮ್ಮ ದೇಶವೂ ಒಪ್ಪಿದೆ. ಅದರಲ್ಲಿ ಉದ್ದೇಶ ಇರಲೇಬೇಕೆಂದಿಲ್ಲ, ಪರಿಣಾಮ ಹಾಗಾದರೂ ಸಾಕು.

"ಮತ್ತೆ ನಮ್ಮಲ್ಲಿ?"

"ನಮ್ಮ ಸಂವಿಧಾನದಲ್ಲಿ ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಜಾಗ. ಅಂಗಡಿ, ಹೋಟೆಲಿಗೆ ಯಾರನ್ನೂ ಬರಬೇಡ ಅನ್ನೋ ಹಾಗಿಲ್ಲ. ಜನಾಂಗ ಅಂದ್ರೆ ಏನು ಅಂತ ಅಲ್ಲಿ ಬಿಡಿಸಿ ಬರ್ದಿಲ್ಲ. ಬಣ್ಣ ಅನ್ನೋ ಪದನೂ ಆ ಪಟ್ಟೀಲಿ ಇಲ್ಲ. ಇನ್ನು ನಮ್ಮನೆ ಹೋಟೆಲ್ಲೋ ಮನೇನೋ, ಅದನ್ನೇ ವರ್ಷಗಟ್ಲೆ ವಾದ ಮಾಡ್ಬೋದು."

ಬಣ್ಣ ಇಲ್ಲ ಎಂದಾಗ ನನಗೆ ಕಾನ್ವೆಂಟಿನ ಕ್ರಿಸ್‌ಮಸ್ ನಾಟಕ ನೆನಪಾಯಿತು. ನಾನು ಕಪ್ಪು. ಐದು ವರ್ಷವೂ ನಾನೇ, ಮೇರಿಯ ಮಗುವನ್ನು ನೋಡಲು ಬರುವ ಮೂರು ರಾಜರಲ್ಲಿ ಆಫ್ರಿಕದ ರಾಜ. "ಇವಳಿಗೆ ಬಣ್ಣ ಬಳಿಯುವ ಕೆಲಸವಿಲ್ಲ," ಎಂದು ಸಿಸ್ಟರ್ ಪ್ರೀತಿಯಿಂದಲೇ ಗಲ್ಲ ಹಿಂಡುತ್ತಿದ್ದರು. ಮೇರಿ ಆಗಬೇಕೆಂದು ನಾನು ಯಾರ ಹತ್ತಿರವೂ ಹೇಳಲಿಲ್ಲ. ಕೇಳುವುದು ಸೌಜನ್ಯವಲ್ಲವಲ್ಲ.

"ಅಮೆರಿಕದ್ದು ಕೇಳಮ್ಮ, ನೀನು ಬಿದ್ದುಬಿದ್ದು ನಗ್ತೀಯ," ಎಂದಳು ಮಗಳು. ಅಲ್ಲಿ ಹೋಟೆಲು, ವಸತಿಗೃಹಗಳಲ್ಲಿ ಜನಾಂಗ, ಬಣ್ಣ, ಮೂಲ ನೋಡಿ ಭೇದ ಮಾಡುವ ಹಾಗಿಲ್ಲ ಎಂದು ದೇಶಕ್ಕೆಲ್ಲ ಅನ್ವಯಿಸುವ ದೊಡ್ಡ ಕಾನೂನೇ ಇದೆ. ಆದರೆ ಮಾಲೀಕರು ತಾವೇ ವಾಸವಿದ್ದು, ಬಾಡಿಗೆಗೆ ಐದು ಕೋಣೆಗಿಂತ ಹೆಚ್ಚಿಲ್ಲದ ಮನೆಗೆ ಆ ನಿಯಮ ಅನ್ವಯಿಸುವುದಿಲ್ಲ. "ಅಂದ್ರೆ ನಮ್ಮನೆ ತರದ್ದೇ. ಅಲ್ಲಿ ಬೇರೆ ಕಾನೂನಲ್ಲಿ ಹಿಡೀಬೋದೇನೋ, ಇದ್ರಲ್ಲಂತೂ ನೀವು ಸೇಫ್."

ನಗು ಬರಲಿಲ್ಲ. ಚೀಟಿ ತುಂಬಿತ್ತು. ಒಂದು ಕಡೆ ನಾನು ತಪ್ಪಿತಸ್ಥೆ, ಇನ್ನೊಂದು ಕಡೆ ಅಲ್ಲ, ಮತ್ತೊಂದು ಕಡೆ ವಾದ ಮಾಡಬೇಕು. ಎಲ್ಲ ಕಾನೂನುಗಳೂ ಅವಳನ್ನು ಏನಾದರೊಂದರಿಂದ ಹೊರಗಿಟ್ಟಿರಬೇಕು ಎನ್ನುತ್ತವೆ. ಅವಳನ್ನು ನಾವು ಇಟ್ಟದ್ದು ಒಳಗೇ, ಜಗುಲಿಯಲ್ಲಿ, ಕುರ್ಚಿ ಹಾಕಿ, ತಟ್ಟೆ ಕೊಟ್ಟು. ತೊಟ್ಟಿ ತೊಳೆಯುವ ಆ ಮುಕ್ಕಾಲು ಗಂಟೆಯನ್ನು ಅವಳಿಂದ ಕಿತ್ತುಕೊಂಡದ್ದಕ್ಕೆ ಯಾವ ದೇಶದಲ್ಲಿ ಏನು ಹೆಸರು? ಮಗಳನ್ನು ಅದೇ ಕೇಳಿದೆ.

"ಅಮ್ಮಾ, ಅದು ಸಿಲಬಸ್ಸಲ್ಲಿಲ್ಲ," ಎಂದು ಫೋನಿಟ್ಟಳು.

ಮನೆಯವರು ಕಾರು ತೆಗೆದು ನಿಂತಿದ್ದರು. "ನಾನು ಕೇಳಿದ್ದಷ್ಟೇ ಕಣೇ," ಎಂದರು ನನಗೆ, ಮೆಲ್ಲಗೆ. "ಬಾ ಅಂತ ಅವ್ರಿಗೆ ಹೇಳ್ಲಿಲ್ಲ." ಎರಡು ಸಲ ಹೇಳಿದರು. ಅವರ ಮೇಲೆ ರೇಗಿಬಿಡುವುದು ಸುಲಭವಿತ್ತು. ಕಾಲಂ ಬಿಟ್ಟವಳು ನಾನು.

ಏನಾದರೂ ಕೊಡಬೇಕೆಂದು, ತೊಳೆದು ಒಣಗಿಸಿದ ಪಾರ್ಚ್‌ಮೆಂಟ್ ಬೀಜವನ್ನು ಒಂದು ಬಟ್ಟೆಯ ಚೀಲದಲ್ಲಿ ತುಂಬಿ ತಂದೆ. ಅದರ ಸದ್ದು ಅವಳಿಗೆ ನೆನಪಿರಲಿ ಎಂದು. ಅವಳು ಒಂದು ಹಿಡಿ ತೆಗೆದು ಕಿವಿಯ ಹತ್ತಿರ ಉಜ್ಜಿ ನೋಡಿದಳು. ತರಗೆಲೆಯ ಹಾಗೆ ಸರಸರ ಎಂದಿತು.

"ಒಣಗಿದ್ದು ತಗೊಂಡು ಏನ್ ಮಾಡ್ತಾರೆ ಅಮ್ಮಾವ್ರೇ?" ಎಂದ ಮೇಸ್ತ್ರಿ, ಬ್ಯಾಗು ಡಿಕ್ಕಿಗೆ ಹಾಕುತ್ತಾ. "ಆ ಸದ್ದು ಹಸೀಲಿ ಮಾತ್ರ ಬರೋದು."

ಆದರೂ ಅವಳು ಚೀಲ ಇಟ್ಟುಕೊಂಡಳು, ನನಗೆ ಬೇಜಾರಾಗಬಾರದೆಂದು. ಆ ಸೌಜನ್ಯದ ಗುರುತು ನನಗೆ ಚೆನ್ನಾಗಿ ಸಿಗುತ್ತದೆ. ಗಮ್‌ಬೂಟುಗಳನ್ನು ತೊಳೆದು, ಜೋಡಿಯಾಗಿ, ಮೂತಿ ಹೊರಗೆ ಮಾಡಿ ಬಾಗಿಲ ಹತ್ತಿರ ಇಟ್ಟು ಹೋದಳು. ಮೂಡಿಗೆರೆಯಲ್ಲಿ ಬಸ್ಸು ಹತ್ತಿಸಿ ಬಂದ ಮನೆಯವರು, ಅವಳು ದಾರಿಯಲ್ಲಿ ಒಂದೇ ಮಾತು ಕೇಳಿದಳು ಎಂದರು: ಬೇರೆ ತೋಟದಲ್ಲಿ ಯಾರಾದರೂ ತೋರಿಸುತ್ತಾರಾ ಎಂದು. ಯೋಚಿಸಿ ಹೇಳುತ್ತೇನೆ ಎಂದರಂತೆ ಇವರು. ಯಾರ ಹೆಸರು ಹೇಳಲೂ ಇವರಿಗೆ ಧೈರ್ಯ ಬಂದಿರಲಿಲ್ಲ.

ಸಂಜೆ ದೀಪ ಹಚ್ಚಿ ರಿಜಿಸ್ಟರ್ ತೆಗೆದೆ. ಹೊರಟ ಸಮಯ ಬರೆದೆ. ಆ ಖಾಲಿ ಜಾಗದಲ್ಲಿ ಇಂಡಿಯನ್ ಎಂದು ಬರೆದೆ. ಮೇಲಿನವುಗಳಿಗಿಂತ ಸ್ವಲ್ಪ ದಪ್ಪವಾಯಿತು, ಬೇರೆ ಪೆನ್ನು. ಯಾರು ನೋಡಿದರೂ ಆಮೇಲೆ ಬರೆದದ್ದೆಂದು ಗೊತ್ತಾಗುವ ಹಾಗೆ.

ಅಷ್ಟರಲ್ಲಿ ಪಕ್ಕದ ತೋಟದವರು ನನ್ನ ಸ್ಟೀಲ್ ಡಬ್ಬಿ ಹಿಂತಿರುಗಿಸಲು ಬಂದರು. ಅವರದ್ದೂ ಹೋಂಸ್ಟೇ, ನಾಲ್ಕು ಕೋಣೆ. ನನಗಿಂತ ಚಿಕ್ಕವರು, ಒಳ್ಳೆಯವರು. ನನಗೆ ಜ್ವರ ಬಂದಾಗ ಮೂರು ದಿನ ಗಂಜಿ ತಂದುಕೊಟ್ಟವರು. ಪೊಲೀಸಿನವರು ಬಂದದ್ದು ಅವರಿಗೆ ಆಗಲೇ ಗೊತ್ತಿತ್ತು. ನಾನು ಹೇಳಿದ್ದನ್ನೆಲ್ಲ ಬಾಗಿಲಲ್ಲೇ ನಿಂತು, ಲೊಚಗುಟ್ಟುತ್ತಾ ಕೇಳಿದರು. ಆಮೇಲೆ ಹಿತ್ತಲಿನ ಕಡೆ ಕಣ್ಣು ಹಾಯಿಸಿದರು.

"ಅಯ್ಯೋ, ಪಾಪ. ನಮ್ಮಲ್ಲಾದ್ರೆ ಅವ್ಳಿಗೆ ಇಷ್ಟು ಅವಮಾನ ಆಗ್ತಿರ್ಲಿಲ್ಲ ಬಿಡಿ ಅಕ್ಕ. ಆ ತರದೋರು ಫೋನ್ ಮಾಡಿದ್ರೆ ರೂಮ್ ಫುಲ್ ಅಂತ ಮೊದ್ಲೇ ಹೇಳ್ಬಿಡ್ತೀವಿ. ಎರಡು ಎಸಳು ಕರಿಬೇವು ಕಿತ್ಕೊಳ್ಳಾ?"